ಗಾಳಿಗೆ ನಿಲ್ಲುವ ಕಮಾನು: ಜೇವರ್ಗಿ ಕಾಲೋನಿಯ ಓಣಿಯಲ್ಲಿ ನಾವು ಕಲಿತ ಪಾಠ

ಹೋದ ವರ್ಷದ ಮಾತು ಮೊದಲೇ ಹೇಳಿಬಿಡತೀವಿ, ಮುಚ್ಚಿಡೋದೇನಿಲ್ಲ. ಜೇವರ್ಗಿ ಕಾಲೋನಿಯ ಒಂದು ಓಣಿಯಲ್ಲಿ ವಿದ್ಯಾರ್ಥಿಗಳೆಲ್ಲ ಸೇರಿ ನಡೆಸಿದ ಕಲಾ ಹಬ್ಬಕ್ಕೆ ನಮ್ಮ ಕನ್ನಡ ಸಂಘದ ಕಡೆಯಿಂದ ದೊಡ್ಡದೊಂದು ಫಲಕ ನಿಲ್ಲಿಸಿದ್ದೆವು. ಎರಡು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರ. ಬಿದಿರಿನ ಚೌಕಟ್ಟು, ಅದರ ಮೇಲೆ ಥರ್ಮಾಕೋಲ್, ಥರ್ಮಾಕೋಲ್ ಮೇಲೆ ಕಲಬುರಗಿ ಕೋಟೆಯ ಚಿತ್ರ. ಮೂರು ರಾತ್ರಿ ಹಾಸ್ಟೆಲ್ ವರಾಂಡಾದಲ್ಲಿ ಕೂತು ಬಣ್ಣ ಹಚ್ಚಿದ್ದೆವು. ಏಪ್ರಿಲ್ ತಿಂಗಳು. ಸಂಜೆ ಐದೂವರೆ ಸುಮಾರಿಗೆ ಅಡ್ಡಮಳೆ ಗಾಳಿ ಬೀಸಿತು. ಫಲಕ ಒಂದು ಸಲ ಹಿಂದಕ್ಕೆ ವಾಲಿ, ಮುಂದಕ್ಕೆ ಬಂದು, ರಸ್ತೆಗೆ ಅಡ್ಡ ಬಿತ್ತು.

ಟ್ಯೂಷನ್ ಮುಗಿಸಿ ಬರುತ್ತಿದ್ದ ಹುಡುಗಿಯೊಬ್ಬಳ ಸೈಕಲ್ಲಿನ ಹಿಂದಿನ ಗಾಲಿಗೆ ಬಿದಿರಿನ ತುದಿ ಬಡಿಯಿತು. ಅವಳಿಗೆ ಏನೂ ಆಗಲಿಲ್ಲ. ಸೈಕಲ್ಲು ಒಂದು ಮೀಟರ್ ಹಿಂದಿದ್ದಿದ್ದರೆ ಈ ಲೇಖನ ಬರೆಯುವ ಧೈರ್ಯ ನಮಗೆ ಇರುತ್ತಿರಲಿಲ್ಲ. ಆ ಫಲಕ ಕಟ್ಟಿದ ಎಂಟು ಮಂದಿಯಲ್ಲಿ ಸಿವಿಲ್‌ನವರು ಮೂವರು, ಮೆಕ್ಯಾನಿಕಲ್‌ನವರು ಇಬ್ಬರು. ಒಬ್ಬರೂ ಗಾಳಿಯ ಲೆಕ್ಕ ಹಾಕಿರಲಿಲ್ಲ. ಪರೀಕ್ಷೆಯಲ್ಲಿ ಹತ್ತು ಮಾರ್ಕಿಗೆ ಬಿಡಿಸುವ ಲೆಕ್ಕ ಓಣಿಯೊಳಗ ನೆನಪಾಗಲಿಲ್ಲ.

ಮುರಿದ ಥರ್ಮಾಕೋಲ್ ಚೂರು ಗಟಾರಕ್ಕೆ ಹೋಗಿ ಕಟ್ಟಿಕೊಂಡವು. ಮರುದಿನ ನಾವೇ ಕೋಲು ಹಾಕಿ ತೆಗೆಯುತ್ತಿದ್ದಾಗ ಎದುರು ಮನೆಯ ಆಯಿ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು. ಬೈಯಲಿಲ್ಲ. “ಚಂದ ಇತ್ತು ತಮ್ಮಾ, ಖರೇ. ಆದ್ರ ನಮ್ಮ ಓಣ್ಯಾಗ ನಿಂದ್ರಸೋಮುಂದ ನಮಗೊಂದ್ ಮಾತು ಕೇಳಬೇಕಿತ್ತಿಲ್ಲೋ? ಈ ಕಡಿ ಗಾಳಿ ಹ್ಯಾಂಗ ಬರತದ ಅಂತ ನಾವು ಹೇಳತಿದ್ವಿ” ಅಂದರು. ಈ ವರ್ಷದ ಕೆಲಸ ಆ ಮಾತಿನಿಂದ ಶುರುವಾಯಿತು. ಮುಂದೆ ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗ ಆಗಲಿ ಅಂತ ನಾವು ಮಾಡಿದ್ದನ್ನು, ತಪ್ಪಿದ್ದನ್ನು ಹಂತಹಂತವಾಗಿ ಬರೆದಿದ್ದೇವೆ.

ಇನ್‌ಸ್ಟಲೇಶನ್ ನಮಗೆ ಹೊಸದಲ್ಲ

ಇನ್‌ಸ್ಟಲೇಶನ್ ಅಂದ ತಕ್ಷಣ ಇದೇನೋ ದೊಡ್ಡ ಊರಿನ ಗ್ಯಾಲರಿ ವಿಷಯ ಅಂತ ಕೆಲವರು ಹಿಂದೆ ಸರಿಯುತ್ತಾರೆ. ಸರಳವಾಗಿ ಹೇಳುವುದಾದರೆ, ಒಂದು ಜಾಗವನ್ನು ನೋಡಿ, ಆ ಜಾಗಕ್ಕಾಗಿಯೇ, ಸುತ್ತ ನಡೆದು ನೋಡುವಂತೆ ಕಟ್ಟಿದ ಕಲಾಕೃತಿ ಅದು. ಗೋಡೆಗೆ ತೂಗು ಹಾಕುವ ಚಿತ್ರವನ್ನು ಬೇರೆ ಗೋಡೆಗೂ ಹಾಕಬಹುದು. ಇದನ್ನು ಜಾಗ ಬದಲಿಸಿ ಇಟ್ಟರೆ ಅರ್ಥವೇ ಬದಲಾಗುತ್ತದೆ.

ನಮ್ಮ ಭಾಗದಲ್ಲಿ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಜೋಳದ ದಂಟಿನ ಕೊಂಪಿ ಕಟ್ಟಿ, ಒಳಗೆ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ಹೊಲದ ಸಾಮಾನಿನಿಂದಲೇ, ಹೊಲದೊಳಗೇ, ಒಂದು ದಿನದ ಮಟ್ಟಿಗೆ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು, ಮೊಹರಮ್ಮಿಗೆ ಬಿದಿರು ಮತ್ತು ಬಣ್ಣದ ಕಾಗದದಿಂದ ಕಟ್ಟುವ ಡೋಲಿ ಕೂಡ ಕೈಯಿಂದ ಮಾಡಿ, ಹಬ್ಬ ಮುಗಿದ ಮೇಲೆ ಬಿಟ್ಟುಕೊಡುವ ಕೆಲಸಗಳೇ.

ಹೊರಗಿನ ಉದಾಹರಣೆಗಳೂ ಇವೆ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯೊಳಗೆ ಆಳೆತ್ತರದ ಮೊಸಳೆ ತಂದಿಟ್ಟರು. ಆ ಮೊಸಳೆಯನ್ನು ಸಭಾಂಗಣದಲ್ಲಿ ಇಟ್ಟಿದ್ದರೆ ಅದೊಂದು ಬೊಂಬೆ. ಗುಂಡಿಯೊಳಗೆ ಇಟ್ಟಿದ್ದಕ್ಕೆ ಅದು ಪ್ರಶ್ನೆ ಆಯಿತು. ಚಂಡೀಗಢದಲ್ಲಿ ನೇಕ್ ಚಂದ್ ಒಡೆದ ಬಳೆ, ಪಿಂಗಾಣಿ ಚೂರು, ಕಟ್ಟಡದ ರದ್ದಿಯಿಂದ ವರ್ಷಗಟ್ಟಲೆ ಒಬ್ಬರೇ ಕಟ್ಟಿದ ರಾಕ್ ಗಾರ್ಡನ್ 1976ರಲ್ಲಿ ಜನರಿಗೆ ತೆರೆಯಿತು. ವಿಶ್ವವಿದ್ಯಾಲಯಗಳ ಯುವಜನೋತ್ಸವದ ಲಲಿತಕಲಾ ವಿಭಾಗದಲ್ಲಿಯೂ ಕೊಲಾಜ್, ರಂಗೋಲಿ, ಮಣ್ಣಿನ ಮೂರ್ತಿಗಳ ಜೊತೆ ಇನ್‌ಸ್ಟಲೇಶನ್ ಒಂದು ಸ್ಪರ್ಧೆ. ಹಾಗಾಗಿ ಓಣಿಯಲ್ಲಿ ಕಲಿತದ್ದು ಅಲ್ಲಿಯೂ ಕೆಲಸಕ್ಕೆ ಬರುತ್ತದೆ.

ಹಂತ 1: ಸಾಮಾನಿಗಿಂತ ಮೊದಲು ಓಣಿ ನೋಡ್ರಿ

ಈ ಸಲ ನಾವು ಪೆನ್ಸಿಲ್ ಹಿಡಿಯುವ ಮೊದಲು ಮೂರು ಸಂಜೆ ಓಣಿಯಲ್ಲಿ ಸುಮ್ಮನೆ ನಿಂತೆವು. ಅಳತೆ ಟೇಪು, ಒಂದು ನೋಟ್‌ಬುಕ್ಕು, ಅಷ್ಟೇ. ಬರೆದುಕೊಂಡದ್ದು ಇಷ್ಟು: ರಸ್ತೆಯ ಅಗಲ, ತಲೆ ಮೇಲಿನ ಕರೆಂಟ್ ತಂತಿ ಎಲ್ಲಿ ಎಷ್ಟು ಕೆಳಗಿದೆ, ಗಟಾರದ ಮುಚ್ಚಳ ಎಲ್ಲಿ ಸಡಿಲ, ನೀರಿನ ಟ್ಯಾಂಕರ್ ಯಾವ ಹೊತ್ತಿಗೆ ಬಂದು ಎಲ್ಲಿ ತಿರುಗುತ್ತದೆ, ಯಾರ ಮನೆಯಲ್ಲಿ ವಯಸ್ಸಾದವರು ಇದ್ದಾರೆ, ಆಂಬ್ಯುಲೆನ್ಸ್ ಬಂದರೆ ದಾರಿ ಉಳಿಯುತ್ತದೋ ಇಲ್ಲವೋ.

ಗಾಳಿಯ ದಿಕ್ಕು ಆಯಿ ಹೇಳಿದರು. ಓಣಿಯ ಪಶ್ಚಿಮದ ತುದಿಯಲ್ಲಿ ಎರಡು ಎತ್ತರದ ಮನೆಗಳ ನಡುವೆ ಸಂದಿ ಇದೆ, ಸಂಜೆಯ ಗಾಳಿ ಅಲ್ಲಿಂದ ನುಗ್ಗುತ್ತದೆ. ಹೋದ ವರ್ಷ ನಮ್ಮ ಫಲಕ ಸರಿಯಾಗಿ ಆ ಸಂದಿಗೆ ಎದೆ ಕೊಟ್ಟು ನಿಂತಿತ್ತು. ಈ ಸಲ ಕಟ್ಟುವ ಜಾಗವನ್ನು ಆರು ಮೀಟರ್ ಈಚೆ ತಂದೆವು. ಹಬ್ಬವನ್ನೂ ಏಪ್ರಿಲ್‌ನಿಂದ ಫೆಬ್ರುವರಿಗೆ ಎಳೆದೆವು. ಅಡ್ಡಮಳೆ ಕಾಟ ತಪ್ಪಿತು, ಜೊತೆಗೆ ತೊಗರಿ ರಾಶಿ ಮುಗಿದ ಹೊತ್ತು, ಕಟಗಿ ಬೇಕಾದಷ್ಟು ಸಿಗುತ್ತದೆ.

ಹಂತ 2: ಸಾಮಾನು, ಮತ್ತು ಒಂದು ಷರತ್ತು

ಮನೆಮನೆಗೆ ಹೋಗಿ ಒಂದೊಂದು ಹಳೆ ಬಟ್ಟೆ ಕೇಳಿದೆವು. ಕೌದಿಯಂತೆ ಎಲ್ಲ ಮನೆಯ ಬಟ್ಟೆ ಸೇರಿದ ಕಮಾನು ಮಾಡೋಣ ಅಂತ. ಮೂವತ್ತೊಂದು ಮನೆಯವರು ಕೊಟ್ಟರು. ಸೀರೆ ಅಂಚು, ಶಾಲೆಯ ಯೂನಿಫಾರ್ಮ್, ದುಪಟ್ಟಾ. ಆಯಿ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಮಡಚಿದ ಹಳೆಯ ರುಮಾಲು ಇತ್ತು, ತೀರಿಕೊಂಡ ಯಜಮಾನರದ್ದು. “ಇದನ್ನ ಹಾಕ್ರಿ. ಆದ್ರ ಕತ್ತರಿ ಹಚ್ಚಬ್ಯಾಡ್ರಿ, ಅಂಟು ಹಚ್ಚಬ್ಯಾಡ್ರಿ. ಹ್ಯಾಂಗ ಕೊಟ್ಟೀನಿ ಹಂಗ ವಾಪಸ್ ಕೊಡ್ರಿ.”

ಆ ಒಂದು ಷರತ್ತಿನಿಂದ ನಮ್ಮ ಡಿಸೈನ್ ಪೂರ್ತಿ ಬದಲಾಯಿತು. ಒಂದು ಬಟ್ಟೆಗೆ ಅಂಟು ಹಚ್ಚಬಾರದು ಅಂದರೆ ಉಳಿದ ಮೂವತ್ತಕ್ಕೂ ಯಾಕೆ ಹಚ್ಚಬೇಕು? ಬಟ್ಟೆಯ ಭಾಗದಲ್ಲಿ ಫೆವಿಕಾಲ್ ಇಲ್ಲ, ಮೊಳೆ ಇಲ್ಲ, ಸ್ಟೇಪ್ಲರ್ ಇಲ್ಲ. ಎಲ್ಲ ಕಟ್ಟುವುದು, ಹೆಣೆಯುವುದು. ಏನು ಕಟ್ಟುತ್ತೀವೋ ಅದನ್ನು ಬಿಚ್ಚಲಿಕ್ಕೂ ಬರಬೇಕು.

ಥರ್ಮಾಕೋಲ್ ಅಂತೂ ಕೇಳಲೇಬೇಡಿ. ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧದ ಪಟ್ಟಿಯಲ್ಲಿದೆ. ಹೋದ ವರ್ಷ ನಾವು ಅದನ್ನೂ ನೋಡಿರಲಿಲ್ಲ.

ಈ ಸಲದ ಸಾಮಾನು ಹೀಗಿತ್ತು. ಚೌಕಟ್ಟಿಗೆ ಬಿದಿರು. ಹೆಣಿಗೆಗೆ ತೊಗರಿ ಕಟಗಿ, ತೆಳು, ಗಟ್ಟಿ, ಪುಕ್ಕಟೆ. ಮೇಲಿನ ಅಲಂಕಾರಕ್ಕೆ ಜೋಳದ ಕಣಿಕೆ. ಕಟ್ಟಲು ಕತ್ತದ ಹಗ್ಗ ಮತ್ತು ಬಾಳೆ ನಾರು. ಬಾಳೆ ನಾರಿಗೆ ಒಂದು ಬೆಳಿಗ್ಗೆ ಬಸ್ಸು ಹತ್ತಿ ಹುಮನಾಬಾದ್ ರಸ್ತೆಯ ಕಮಲಾಪುರಕ್ಕೆ ಹೋದೆವು. ಅಲ್ಲಿಯ ಕೆಂಪು ಬಾಳೆ ಭೌಗೋಳಿಕ ಸೂಚಿಕೆ ಪಡೆದ ಹಣ್ಣು ಅನ್ನೋದು ನಿಮಗೆ ಗೊತ್ತೇ ಇದೆ. ಗೊನೆ ಕಡಿದ ಮೇಲೆ ದಿಂಡು ತೋಟದಲ್ಲೇ ಬಿದ್ದಿರುತ್ತದೆ. ತೋಟದ ಕಾಕಾ ಒಂದು ಮಾತು ಹೇಳಿ ನಮ್ಮ ಬೆನ್ನು ಉಳಿಸಿದರು: “ದಿಂಡು ಹೊತ್ಕೊಂಡ್ ಹೋಗಬ್ಯಾಡ್ರಿ, ಅದು ಬರೇ ನೀರು. ಪದರ ಇಲ್ಲೇ ಸುಲೀರಿ, ನಾರು ತಗೊಂಡ್ ಹೋಗ್ರಿ.” ಹಸಿ ದಿಂಡಿನ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಪದರ ಸುಲಿದು, ಉದ್ದಕ್ಕೆ ಸೀಳಿ, ಮೂರು ದಿನ ನೆರಳಲ್ಲಿ ಒಣಗಿಸಿ, ಕಟ್ಟುವ ಮೊದಲು ಹತ್ತು ನಿಮಿಷ ನೀರಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಬಟ್ಟೆ, ಕಣಿಕೆ ಕಟ್ಟಲು ಒಳ್ಳೆಯದು. ಭಾರ ಹೊರುವ ಬಿದಿರಿನ ಕೀಲಿಗೆ ಮಾತ್ರ ಕತ್ತದ ಹಗ್ಗವೇ ಬೇಕು, ಎರಡನ್ನೂ ಅದಲುಬದಲು ಮಾಡಬೇಡಿ.

ಹಂತ 3: ಗಾಳಿಯ ಲೆಕ್ಕ

ಇದು ನಾವು ಹೋದ ವರ್ಷ ಬಿಟ್ಟ ಹಂತ. ಐಎಸ್ 875 ಭಾಗ 3ರಲ್ಲಿ ಇರುವ ಸೂತ್ರ ಸರಳ: ಗಾಳಿಯ ಒತ್ತಡ (ಚದರ ಮೀಟರಿಗೆ ನ್ಯೂಟನ್) = 0.6 × ವೇಗದ ವರ್ಗ (ವೇಗ ಸೆಕೆಂಡಿಗೆ ಮೀಟರ್‌ನಲ್ಲಿ).

ಸಂಜೆಯ ಜೋರು ಗಾಳಿ ಸೆಕೆಂಡಿಗೆ 15 ಮೀಟರ್, ಅಂದರೆ ಗಂಟೆಗೆ 54 ಕಿ.ಮೀ. ಅಂತ ಇಟ್ಟುಕೊಳ್ಳೋಣ.

ಒತ್ತಡ: 0.6 × 225 = 135 ನ್ಯೂಟನ್.
ಚಪ್ಪಟೆ ಫಲಕದ ಆಕಾರಕ್ಕೆ ಸುಮಾರು 1.2ರಿಂದ ಗುಣಿಸಿದರೆ: 162 ನ್ಯೂಟನ್.
ಫಲಕದ ವಿಸ್ತೀರ್ಣ: 2 × 2.5 = 5 ಚದರ ಮೀಟರ್.
ಒಟ್ಟು ಬಲ: 810 ನ್ಯೂಟನ್, ಅಂದರೆ ಸುಮಾರು 83 ಕಿಲೋ ತೂಕದಷ್ಟು ನೂಕು.

ಈ ಬಲ ಫಲಕದ ನಡುಮಧ್ಯ, 1.25 ಮೀಟರ್ ಎತ್ತರದಲ್ಲಿ ನೂಕುತ್ತದೆ. ಉರುಳಿಸುವ ಭ್ರಾಮಕ 810 × 1.25 = ಸುಮಾರು 1012 ನ್ಯೂಟನ್ ಮೀಟರ್. ಇದನ್ನು ತಡೆಯುವುದು ಬುಡದ ತೂಕ. ಹೋದ ವರ್ಷ ನಮ್ಮ ಬುಡ ಒಂದು ಮೀಟರ್ ಅಗಲ, ಅಂದರೆ ನಡುವಿನಿಂದ ಅಂಚಿಗೆ ಅರ್ಧ ಮೀಟರ್. 1012 ಅನ್ನು 0.5ರಿಂದ ಭಾಗಿಸಿದರೆ 2025 ನ್ಯೂಟನ್, ಸುಮಾರು 206 ಕಿಲೋ. ಅದು ಬರೀ ಸಮತೋಲಕ್ಕೆ. 1.5 ಪಟ್ಟು ಸುರಕ್ಷತೆ ಸೇರಿಸಿದರೆ 310 ಕಿಲೋ ಬೇಕು.

ನಾವು ಇಟ್ಟದ್ದು ಎಷ್ಟು? ಸಿಮೆಂಟ್ ಚೀಲದಲ್ಲಿ ತುಂಬಿದ ಮರಳು, 50 ಕಿಲೋದ ಎರಡು ಮೂಟೆ. ಚೌಕಟ್ಟಿನ ತೂಕ 15 ಕಿಲೋ. ಒಟ್ಟು 115. ಲೆಕ್ಕ ತಿರುಗಿಸಿ ಹಾಕಿದರೆ, ನಮ್ಮ ಫಲಕ ಸೆಕೆಂಡಿಗೆ 11 ಮೀಟರ್ ಚಿಲ್ಲರೆ ಗಾಳಿಗೇ, ಅಂದರೆ ಗಂಟೆಗೆ 40 ಕಿ.ಮೀ.ಗೇ ಬೀಳಬೇಕಾಗಿತ್ತು. ಹಾಸ್ಟೆಲ್ ರೂಮಿನಲ್ಲಿ ಈ ಲೆಕ್ಕ ಬಿಡಿಸಿ ಮುಗಿಸಿದಾಗ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹತ್ತು ನಿಮಿಷದ ಕೆಲಸ ಅದು.

ಪರಿಹಾರ ಬರೀ ಮೂಟೆ ಹೆಚ್ಚಿಸೋದಲ್ಲ. ಬುಡವನ್ನು ಒಂದೂವರೆ ಮೀಟರಿಗೆ ಅಗಲಿಸಿದರೆ ಸುರಕ್ಷತೆ ಸೇರಿಸಿಯೂ 206 ಕಿಲೋ ಸಾಕು. ಎರಡನೆಯದು, ಗಾಳಿಗೆ ದಾರಿ ಬಿಡೋದು. ಗಟ್ಟಿ ಹಲಗೆಯ ಬದಲು ಸಂದಿ ಬಿಟ್ಟು ಹೆಣೆದ ಜಾಲರಿ ಮಾಡಿದರೆ ಬಲ ಕಡಿಮೆಯಾಗುತ್ತದೆ. ಹುಷಾರು, ಅರ್ಧ ಸಂದಿ ಬಿಟ್ಟರೆ ಬಲ ಸರಿಯಾಗಿ ಅರ್ಧ ಆಗುವುದಿಲ್ಲ. ಒಂದೊಂದು ಕಡ್ಡಿಯೂ ತನ್ನ ಪಾಲಿನ ಗಾಳಿ ಹಿಡಿಯುತ್ತದೆ. ಅದಕ್ಕೆ ನಾವು ಹೊರ ಅಳತೆ ಹೋದ ವರ್ಷದ್ದೇ ಇಟ್ಟು, ಲೆಕ್ಕಕ್ಕೆ ಪೂರ್ತಿ 5 ಚದರ ಮೀಟರ್ ಗಟ್ಟಿ ಹಲಗೆಯೆಂದೇ ಹಿಡಿದೆವು. ನಾಲ್ಕು ಮೂಟೆ ಮತ್ತು ಚೌಕಟ್ಟು ಸೇರಿ 240 ಕಿಲೋ. ತಡೆಯುವ ಭ್ರಾಮಕ ಉರುಳಿಸುವುದರ 1.7 ಪಟ್ಟು ಬಂತು.

ಲೆಕ್ಕದ ಮೇಲೆ ಒಂದು ಪರೀಕ್ಷೆಯನ್ನೂ ಮಾಡಿ. ಬ್ಯಾಗ್ ತೂಗುವ ಎರಡು ಕೈ ತಕ್ಕಡಿ ತಂದು, ನಡು ಎತ್ತರಕ್ಕೆ ಎರಡು ಹಗ್ಗ ಕಟ್ಟಿ, ಒಂದೊಂದರಲ್ಲಿ 42 ಕಿಲೋ ತೋರಿಸುವವರೆಗೆ ಅಡ್ಡಕ್ಕೆ ಎಳೆದೆವು. ಒಟ್ಟು 84. ಎರಡೂ ದಿಕ್ಕಿಗೆ. ಬುಡ ಏಳಲಿಲ್ಲ. ಬಿದ್ದರೆ ಮೈಮೇಲೆ ಬರದಷ್ಟು ದೂರ ನಿಂತು, ಉದ್ದ ಹಗ್ಗದಿಂದಲೇ ಎಳೆಯಬೇಕು.

ಹಂತ 4: ಕಮಾನಿನ ಆಕಾರ ಹಗ್ಗವೇ ಹೇಳುತ್ತದೆ

ಕಮಾನಿಗೆ ಯಾವ ಬಾಗು ಸರಿ? ಇಂಗ್ಲೆಂಡಿನ ರಾಬರ್ಟ್ ಹುಕ್ 1675ರಲ್ಲಿ ಹೇಳಿದ ಉಪಾಯ ಇದೆ: ತೂಗುವ ಹಗ್ಗದ ಆಕಾರವನ್ನು ತಲೆಕೆಳಗು ಮಾಡಿದರೆ ನಿಲ್ಲುವ ಕಮಾನಿನ ಆಕಾರ ಸಿಗುತ್ತದೆ. ಹಗ್ಗದಲ್ಲಿ ಎಳೆತ ಮಾತ್ರ ಇರುತ್ತದೆ, ತಿರುಗಿಸಿದಾಗ ಒತ್ತು ಮಾತ್ರ. ಸ್ಪೇನಿನ ಗೌಡಿ ದಾರಗಳಿಗೆ ಸಣ್ಣ ಸಣ್ಣ ಚೀಲ ಕಟ್ಟಿ ತೂಗು ಹಾಕಿ ಚರ್ಚಿನ ವಿನ್ಯಾಸ ಮಾಡಿದ್ದು ಇದೇ ತತ್ವದ ಮೇಲೆ. ನಾವು ಗೋಡೆಗೆ ಎರಡು ಮೊಳೆ ಹೊಡೆದು, ಬಾಗಿಲಿನ ಅಗಲದಷ್ಟು ದೂರಕ್ಕೆ ಸೈಕಲ್ ಚೈನು ತೂಗು ಹಾಕಿ, ಸೀಮೆಸುಣ್ಣದಿಂದ ಅದರ ಗುರುತು ಎಳೆದೆವು. ಅದನ್ನೇ ಕಾಗದಕ್ಕೆ ಇಳಿಸಿ ತಿರುಗಿಸಿದೆವು. ಬಿದಿರಿನ ಸೀಳನ್ನು ಒಂದು ರಾತ್ರಿ ನೀರಲ್ಲಿಟ್ಟು ಆ ಗುರುತಿಗೆ ಬಗ್ಗಿಸಿ ಕಟ್ಟಿದೆವು.

ಕಮಾನು ನೋಡಬೇಕು ಅನಿಸಿದರೆ ದೂರ ಹೋಗಬೇಡಿ. ನಮ್ಮ ಕೋಟೆಯೊಳಗಿನ 1367ರ ಜಾಮಾ ಮಸೀದಿಗೆ ಒಂದು ಮಧ್ಯಾಹ್ನ ಹೋಗಿ. ನಡುವೆ ತೆರೆದ ಅಂಗಳವಿಲ್ಲದೆ ಪೂರ್ತಿ ಚಾವಣಿ ಇರುವ ಅಪರೂಪದ ಮಸೀದಿ ಅದು. ಅಂಚಿನ ಪಡಸಾಲೆಯ ಕಮಾನುಗಳು ಗಿಡ್ಡ ಕಂಬದ ಮೇಲಿಂದ ಎದ್ದು ಬಹಳ ಅಗಲಕ್ಕೆ ಚಾಚಿಕೊಂಡಿವೆ. ಅದರ ಕೆಳಗೆ ನಿಂತು ಈ ಭಾರ ಎಲ್ಲಿಗೆ ಹೋಗುತ್ತದೆ ಅಂತ ಬೆರಳಲ್ಲಿ ದಾರಿ ಗುರುತಿಸಿ ನೋಡಿ. ಪುಸ್ತಕದ ಚಿತ್ರಕ್ಕಿಂತ ಬೇಗ ತಲೆಗೆ ಹೋಗುತ್ತದೆ.

ಹಂತ 5: ಕಟ್ಟು, ಮಣ್ಣು, ಅಂಟು

ನಾಲ್ಕು ಬಿದಿರಿನ ಚೌಕ ಅಲುಗಾಡುತ್ತದೆ, ತ್ರಿಕೋನ ಅಲುಗಾಡುವುದಿಲ್ಲ. ಪ್ರತಿ ಚೌಕಕ್ಕೂ ಒಂದು ಓರೆ ಬಿದಿರು ಹಾಕಿ. ಹಗ್ಗ ಎರಡು ಬಿದಿರಿನ ಸುತ್ತ ನಾಲ್ಕು ಸುತ್ತು ಸುತ್ತಿದ ಮೇಲೆ, ಎರಡೂ ಬಿದಿರಿನ ನಡುವೆ ಅಡ್ಡಡ್ಡ ಎರಡು ಸುತ್ತು ಹಾಕಿ ಬಿಗಿಯಬೇಕು. ಈ ಕೊನೆಯ ಎರಡು ಸುತ್ತೇ ಬಿಗಿ ಕೊಡುವುದು. ಮರುದಿನ ಬೆಳಿಗ್ಗೆ ಎಲ್ಲ ಕೀಲನ್ನೂ ಇನ್ನೊಮ್ಮೆ ಕೈಯಿಂದ ಅಲುಗಿಸಿ ನೋಡಿ, ಬಿದಿರು ಒಣಗಿದರೆ ಹಗ್ಗ ಸಡಿಲಾಗುತ್ತದೆ.

ಬುಡದ ಮೂಟೆ ಮುಚ್ಚಲು ಎರೆ ಮಣ್ಣು ಮೆತ್ತಿದೆವು. ನಮ್ಮ ಕಪ್ಪು ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬರೀ ಮಣ್ಣು ಮೆತ್ತಿದ ಮೊದಲ ಪದರ ಒಂದೇ ದಿನದಲ್ಲಿ ಬೇಸಿಗೆಯ ಹೊಲದಂತೆ ಸೀಳಿತು. ಹೊಟ್ಟು, ಸ್ವಲ್ಪ ಸೆಗಣಿ, ಮರಳು ಬೆರೆಸಿ, ಬೆರಳು ದಪ್ಪಕ್ಕಿಂತ ತೆಳುವಾಗಿ ಎರಡು ಸಲ ಮೆತ್ತಿ, ಹಸಿ ಗೋಣಿ ಮುಚ್ಚಿ ನಿಧಾನಕ್ಕೆ ಒಣಗಿಸಿದ ಮೇಲೆ ನಿಂತಿತು.

ಹೆಸರಿನ ಹಲಗೆಗೆ ಹಳೆ ಪೇಪರ್ ಮತ್ತು ಮೈದಾ ಅಂಟು. ಅದಕ್ಕೆ ಹುಳ ಬೀಳದಿರಲಿ ಅಂತ ಕೆಲವರು ಮೈಲುತುತ್ತ ಹಾಕುತ್ತಾರೆ. ನಾವು ಹಾಕಲಿಲ್ಲ. ಅದು ವಿಷ, ಓಣಿಯಲ್ಲಿ ಮಕ್ಕಳೂ ಇದ್ದಾರೆ, ದನಗಳೂ ಇವೆ.

ದನ ಅಂದ ಮೇಲೆ ನಮ್ಮ ಈ ವರ್ಷದ ತಪ್ಪನ್ನೂ ಹೇಳಬೇಕು. ಕಣಿಕೆ ಅಂದರೆ ಮೇವು. ಗೊತ್ತಿದ್ದೂ ಸೊಂಟದ ಎತ್ತರದವರೆಗೆ ಕಣಿಕೆ ಹೆಣೆದು ರಾತ್ರಿ ಮಲಗಲು ಹೋದೆವು. ಬೆಳಿಗ್ಗೆ ಬಂದರೆ ಎಡಗಡೆ ಕಂಬ ಬೋಳು, ಪಕ್ಕದಲ್ಲಿ ಎಮ್ಮೆ ನಿಂತು ಮೆಲುಕು ಹಾಕುತ್ತಿತ್ತು. ಆಮೇಲೆ ಕೆಳಗಿನ ಎರಡು ಮೀಟರಿಗೆ ತೊಗರಿ ಕಟಗಿ ಮಾತ್ರ, ಕಣಿಕೆ ಅದಕ್ಕಿಂತ ಮೇಲೆ.

ಹಂತ 6: ಬೆಳಕು

ಒಣ ಕಟಗಿ, ಬಟ್ಟೆ, ನಾರು. ಇದರ ಹತ್ತಿರ ಹಣತೆ ಬೇಡ, ಹ್ಯಾಲೊಜನ್ ಬೇಡ. 12 ವೋಲ್ಟಿನ ಎಲ್ಇಡಿ ಪಟ್ಟಿ ಸಾಕು. ಮೀಟರಿಗೆ 60 ಸಣ್ಣ ಬಲ್ಬಿನ ಸಾಮಾನ್ಯ ಪಟ್ಟಿ ಮೀಟರಿಗೆ 4.8 ವ್ಯಾಟ್ ತಿನ್ನುತ್ತದೆ. ನಮ್ಮದು 20 ಮೀಟರ್: 96 ವ್ಯಾಟ್, 8 ಆಂಪಿಯರ್. 10 ಆಂಪಿಯರಿನ ಅಡಾಪ್ಟರ್ ತಂದೆವು. ಎಲ್ಲವನ್ನೂ ಉದ್ದಕ್ಕೆ ಜೋಡಿಸಿ ಒಂದೇ ತುದಿಯಿಂದ ಕರೆಂಟ್ ಕೊಟ್ಟಾಗ ಕೊನೆಯ ಪಟ್ಟಿ ಮಂಕಾಯಿತು, ಪಟ್ಟಿಯ ಉದ್ದಕ್ಕೂ ವೋಲ್ಟೇಜ್ ಬೀಳುತ್ತದಲ್ಲ. ಐದೈದು ಮೀಟರಿನ ನಾಲ್ಕು ತುಂಡಿಗೆ ಬೇರೆ ಬೇರೆ ವೈರ್ ಎಳೆದ ಮೇಲೆ ಸರಿಹೋಯಿತು. ಅಡಾಪ್ಟರನ್ನು ಮನೆಯೊಳಗೆ, ಒಣ ಜಾಗದಲ್ಲಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರುವ ಪಾಯಿಂಟಿಗೆ ಹಾಕಿದೆವು. ಓಣಿಗೆ ಬಂದದ್ದು 12 ವೋಲ್ಟ್ ಮಾತ್ರ. ಪಕ್ಕದಲ್ಲಿ ಎರಡು ಬಕೆಟ್ ಮರಳು, ಎರಡು ಬಕೆಟ್ ನೀರು, ಇಡೀ ಹೊತ್ತು ಒಬ್ಬರ ಕಾವಲು.

ಹಂತ 7: ಬಿಚ್ಚುವುದು

ಹಬ್ಬದ ಮೂರು ಸಂಜೆ ಕಮಾನು ನಿಂತಿತು. ಎರಡನೆಯ ಸಂಜೆ ಸಂದಿಯಿಂದ ಗಾಳಿ ಬಂತು. ನಾವು ಎಂಟೂ ಮಂದಿ ಮಾತು ಬಿಟ್ಟು ಬುಡ ನೋಡುತ್ತಾ ನಿಂತೆವು. ಕಟಗಿಯ ಸಂದಿಯಲ್ಲಿ ಸುಯ್ ಅಂತ ಸದ್ದಾಯಿತು, ಬಟ್ಟೆಗಳು ಹಾರಾಡಿದವು, ಅಷ್ಟೇ. ಹೋದ ವರ್ಷದ ಆ ಹುಡುಗಿ ತನ್ನ ತಂಗಿಯನ್ನು ಕರೆತಂದು “ಇದು ನಮ್ಮಮ್ಮನ ಸೀರಿ” ಅಂತ ತೋರಿಸುತ್ತಿದ್ದಳು.

ನಾಲ್ಕನೆಯ ದಿನ ಬೆಳಿಗ್ಗೆ ಆರಕ್ಕೆ ಬಿಚ್ಚಲು ಶುರು ಮಾಡಿ ಒಂಬತ್ತಕ್ಕೆ ಮುಗಿಸಿದೆವು. ಕಟ್ಟುವ ಯೋಜನೆ ಬರೆದ ಹಾಳೆಯಲ್ಲೇ ಯಾವ ಸಾಮಾನು ಎಲ್ಲಿಗೆ ಹೋಗುತ್ತದೆ ಅಂತಲೂ ಬರೆದಿದ್ದೆವು. ತೊಗರಿ ಕಟಗಿ ಮೂರು ಮನೆಯ ನೀರೊಲೆಗೆ. ಉಳಿದ ಕಣಿಕೆ ಅದೇ ಎಮ್ಮೆಗೆ. ಮರಳು ಪಕ್ಕದಲ್ಲಿ ಮನೆ ಕಟ್ಟುತ್ತಿದ್ದವರಿಗೆ. ಬಿದಿರು, ಹಗ್ಗ, ಎಲ್ಇಡಿ ಸಂಘದ ರೂಮಿಗೆ. ಗಟಾರಕ್ಕೆ ಏನೂ ಹೋಗಲಿಲ್ಲ.

ಬಟ್ಟೆಗಳನ್ನು ಮನೆಮನೆಗೆ ಮುಟ್ಟಿಸಿದೆವು. ಬಹಳ ಮಂದಿ “ಇರ್ಲಿ, ನೀವೇ ಇಟ್ಕೊಳ್ರಿ” ಅಂದರು. ಆಯಿ ಮಾತ್ರ ರುಮಾಲು ಬಿಚ್ಚಿ, ಬೆಳಕಿಗೆ ಹಿಡಿದು, ಅಂಚಿನಿಂದ ಅಂಚಿಗೆ ನೋಡಿದರು. ತೂತು ಇರಲಿಲ್ಲ, ಕಲೆ ಇರಲಿಲ್ಲ. ಮಡಚಿ ಒಳಗೆ ಇಟ್ಟು ಬಂದು, ನಮಗೆಲ್ಲ ಚಹಾ ಇಟ್ಟರು.

ಮುಂದಿನ ವರ್ಷದ ಕೆಲಸ ಜನವರಿಯಲ್ಲಿ ಶುರು ಮಾಡುತ್ತೇವೆ. ಯಾವ ಬ್ರಾಂಚಿನವರಾದರೂ ಬರ್ರಿ, ಚಿತ್ರ ಬರೆಯಲು ಬರದಿದ್ದರೂ ನಡೆಯುತ್ತದೆ. ಅಳತೆ ಟೇಪು, ನೋಟ್‌ಬುಕ್ಕು ತರ್ರಿ. ಮೊದಲ ಮೂರು ಸಂಜೆ ಓಣಿಯಲ್ಲಿ ನಿಲ್ಲುವ ಕೆಲಸ ಇದೆ.